ಕಟ್ಟಕಡೆಯ ಮನೆಗಾಗಿ ಒಂದು ಉಪಗ್ರಹ

ಜಪಾನೀಯರು ತಮ್ಮ ಉಪಗ್ರಹಗಳಿಗೆ ಹೂವಿನ ಹೆಸರುಗಳನ್ನಿಟ್ಟರು. 1977ರ ಹವಾಮಾನ ಉಪಗ್ರಹ ‘ಹಿಮಾವರಿ’, ಎಂದರೆ ಸೂರ್ಯಕಾಂತಿ. ಅದೇ ವರ್ಷದ ಸಂಪರ್ಕ ಉಪಗ್ರಹ ‘ಸಕುರಾ’, ಎಂದರೆ ಚೆರ್ರಿ ಹೂ. 1978ರ ಏಪ್ರಿಲಿನಲ್ಲಿ ಮೇಲೇರಿದ ಪ್ರಸಾರ ಉಪಗ್ರಹ ‘ಯುರಿ’, ಎಂದರೆ ಲಿಲಿ. ಸಾಹಿತ್ಯದ ವಿದ್ಯಾರ್ಥಿಯಾದ ನನ್ನನ್ನು ಮೊದಲು ಸೆಳೆದದ್ದು ಈ ಹೆಸರುಗಳೇ. ಆದರೆ ಯುರಿಯ ಕಥೆಯನ್ನು ಓದುತ್ತ ಹೋದಂತೆ, ಅದರ ಬೇರು ಒಂದು ಸರಳವಾದ ಪ್ರಶ್ನೆಯಲ್ಲಿದೆಯೆಂಬುದು ತಿಳಿಯಿತು. ಬಹುಮಂದಿಗೆ ತಲುಪಿದ ಮೇಲೆ, ತಲುಪದೆ ಉಳಿದ ಕೆಲವರ ಪಾಡೇನು?

ಜಪಾನಿನಲ್ಲಿ ದೂರದರ್ಶನ ಪ್ರಸಾರ ಆರಂಭವಾದದ್ದು 1953ರ ಫೆಬ್ರವರಿ 1ರಂದು. ಅದಕ್ಕೂ ಮೊದಲೇ, 1950ರ ಪ್ರಸಾರ ಶಾಸನವು, ಸಾರ್ವಜನಿಕ ಸಂಸ್ಥೆಯಾದ ಎನ್.ಎಚ್.ಕೆ.ಯ ಪ್ರಸಾರ ದೇಶದ ಎಲ್ಲೆಡೆಯೂ ದೊರೆಯಬೇಕೆಂದು ವಿಧಿಸಿತ್ತು. ಆದರೆ ಅದು ಬೆಟ್ಟಗಳ ನಾಡು. ದೂರದರ್ಶನದ ಅಲೆಗಳು ನೇರವಾಗಿ ಸಾಗುವಂಥವು. ಬೆಟ್ಟ ಅಡ್ಡವಾದರೆ ಅದರ ಮರೆಯ ಹಳ್ಳಿಗೆ ಚಿತ್ರವಿಲ್ಲ. ಶಿಖರ ಶಿಖರಗಳ ಮೇಲೆ ಮರುಪ್ರಸಾರ ಕೇಂದ್ರಗಳು ಎದ್ದವು. ಆದರೂ ಕಣಿವೆಗಳಲ್ಲಿ ಮನೆಗಳು ಉಳಿದೇ ಉಳಿದವು. ಟೋಕಿಯೊದಿಂದ ದಕ್ಷಿಣಕ್ಕೆ ಸುಮಾರು 1000 ಕಿಲೋಮೀಟರ್ ದೂರದ ಒಗಾಸವಾರಾ ದ್ವೀಪಗಳಿಗಂತೂ ಯಾವ ಶಿಖರದಿಂದಲೂ ಅಲೆ ಮುಟ್ಟುವಂತಿರಲಿಲ್ಲ. ಇಂದಿಗೂ ಅಲ್ಲಿಗೆ ಹೋಗಬೇಕಾದವರು ಹಡಗಿನಲ್ಲಿ ಒಂದು ಹಗಲು ಒಂದು ರಾತ್ರಿ ಕಳೆಯಬೇಕು.

ಇಂಥ ಮನೆಗಳಿಗೆ ಉಳಿದ ದಾರಿ ಆಕಾಶವೊಂದೇ. ಸಮಭಾಜಕದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ತಿರುಗುವ ಉಪಗ್ರಹವು ಭೂಮಿಯೊಡನೆ ಹೆಜ್ಜೆ ಹಾಕುತ್ತದೆ. ಕೆಳಗಿನಿಂದ ನೋಡುವವರಿಗೆ ಅದು ಧ್ರುವನಕ್ಷತ್ರದಂತೆ ಒಂದೇ ಎಡೆಯಲ್ಲಿ ನಿಂತಿರುತ್ತದೆ. ಜಪಾನಿಗೆ ದೊರೆತ ಎಡೆ ಪೂರ್ವ ರೇಖಾಂಶ 110 ಡಿಗ್ರಿ, ಬೋರ್ನಿಯೊ ದ್ವೀಪದ ನೆತ್ತಿ. ನೆಲದಿಂದ ಬಂದ ಸಂಕೇತವನ್ನು ಉಪಗ್ರಹದೊಳಗಿನ ಒಂದು ವಿಶೇಷ ನಳಿಕೆ ಬಲಪಡಿಸಿ ಕೆಳಗೆ ಕಳುಹಿಸುತ್ತದೆ. ಆ ನಳಿಕೆಯ ಶಕ್ತಿ ಎಷ್ಟೆನ್ನುವಿರಿ? ನೂರು ವ್ಯಾಟ್. ನಮ್ಮ ಪಡಸಾಲೆಯ ಹಳೆಯ ಬಲ್ಬಿನಷ್ಟು! ಆ ಬಲದಲ್ಲಿ ಇಡೀ ದೇಶಕ್ಕೆ ಚಿತ್ರ ಮುಟ್ಟಬೇಕು.

ಆ ನಳಿಕೆಗಳೇ ಸಂಕಟಕ್ಕೂ ಕಾರಣವಾದವು. ಪ್ರಯೋಗಕ್ಕೆಂದು ಹಾರಿಸಿದ ಯುರಿಯ ನಳಿಕೆಗಳು 1980ರ ಹೊತ್ತಿಗೆ ಕೆಟ್ಟವು. ನಿಜವಾದ ಪ್ರಸಾರಕ್ಕೆಂದೇ ಕಟ್ಟಿದ ‘ಬಿಎಸ್-2ಎ’ 1984ರ ಜನವರಿ 23ರಂದು ತಾನೆಗಾಶಿಮಾ ದ್ವೀಪದಿಂದ ಮೇಲೇರಿತು. ಅದರಲ್ಲಿ ಮೂರು ಪ್ರೇಷಕಗಳು. ಎರಡು ವಾಹಿನಿಗಳ ಯೋಜನೆ. ಮೇ ತಿಂಗಳ ಆರಂಭಕ್ಕೆ ಎರಡು ಪ್ರೇಷಕಗಳು ಕೆಟ್ಟು ಒಂದು ಮಾತ್ರ ಉಳಿಯಿತು. ಆ ಉಳಿದ ಒಂದನ್ನೇ ನಂಬಿ, ಪರೀಕ್ಷಾರ್ಥವೆಂದು ಹೇಳಿ, ಎನ್.ಎಚ್.ಕೆ. ಮೇ 12ರಂದು ಒಂದೇ ವಾಹಿನಿಯ ಪ್ರಸಾರ ಆರಂಭಿಸಿತು. ಒಗಾಸವಾರಾದ ಮನೆಗಳಲ್ಲಿ ಚಿತ್ರ ಮೂಡಿತು. ರಾಜಧಾನಿಯವರಿಗೆ ಅರೆಬರೆಯಾಗಿ ತೋರಿದ್ದು ದ್ವೀಪದವರಿಗೆ ಮೊದಲ ಬೆಳಕು.

ಮುಂದಿನ ಕಥೆ ಮನುಷ್ಯಸಹಜವಾದದ್ದು. 1986ರಲ್ಲಿ ಮತ್ತೊಂದು ಉಪಗ್ರಹ ಹೋಯಿತು. 1987ರ ಜುಲೈಯಲ್ಲಿ ಒಂದು ವಾಹಿನಿ ದಿನದ 24 ಗಂಟೆಯೂ ತನ್ನದೇ ಕಾರ್ಯಕ್ರಮ ಕೊಡತೊಡಗಿತು. ಲೋಕದ ಸುದ್ದಿ, ಕ್ರೀಡೆ, ಚಲನಚಿತ್ರ. ಬೆಟ್ಟದ ಮರೆಯವರಿಗಾಗಿ ತೆರೆದ ಬಾಗಿಲಿನಲ್ಲಿ ಪಟ್ಟಣದವರು ಸಾಲುಗಟ್ಟಿದರು. 1989ರಲ್ಲಿ ಅದಕ್ಕೆ ಪ್ರತ್ಯೇಕ ಶುಲ್ಕವೂ ಬಂದಿತು. 1990ರಲ್ಲಿ ಒಂದು, 1991ರಲ್ಲಿ ಇನ್ನೊಂದು ಉಪಗ್ರಹ ಉಡಾವಣೆಯಲ್ಲೇ ನಾಶವಾದವು; ಮೊದಲನೆಯದಕ್ಕೆ ಕಾರಣ ರಾಕೆಟ್ಟಿನ ನೀರಿನ ಕೊಳವೆಯಲ್ಲಿ ಸಿಕ್ಕಿಕೊಂಡ ಒಂದು ಬಟ್ಟೆಯ ಚೂರು. ಆದರೂ ಕೆಲಸ ನಿಲ್ಲಲಿಲ್ಲ. 2000ದ ಡಿಸೆಂಬರಿನಲ್ಲಿ ಡಿಜಿಟಲ್ ಪ್ರಸಾರ, 2018ರ ಡಿಸೆಂಬರಿನಲ್ಲಿ ಅತಿಸೂಕ್ಷ್ಮ ಚಿತ್ರದ ಪ್ರಸಾರ ಬಂದವು.

ಇಷ್ಟರ ನಡುವೆ ಮೊದಲಿನ ಪ್ರಶ್ನೆ ಮರೆತುಹೋಯಿತೇ? ಇಲ್ಲವೆಂಬುದೇ ನನಗೆ ಸಮಾಧಾನ. 2011ರಲ್ಲಿ ನೆಲದ ಹಳೆಯ ಪ್ರಸಾರ ನಿಂತು ಡಿಜಿಟಲ್ ಬಂದಾಗ, ಹೊಸ ಅಲೆ ಮುಟ್ಟದ ಮನೆಗಳು ಮತ್ತೆ ಉಳಿದವು. 2015ರವರೆಗೆ ಟೋಕಿಯೊದ ವಾಹಿನಿಗಳನ್ನು ಅವರಿಗೆ ಮುಟ್ಟಿಸಿದ್ದು ಉಪಗ್ರಹವೇ.

ಇದೇ ಪ್ರಶ್ನೆ ನಮ್ಮ ನಾಡಿನಲ್ಲೂ ಒಮ್ಮೆ ಎದ್ದಿತ್ತು. 1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದಿಂದ ಎರವಲು ಪಡೆದ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ದೂರದರ್ಶನ ಬಂದಿತು. ಅವುಗಳಲ್ಲಿ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಇದ್ದವು. ಪಟ್ಟಣಗಳಿಗಿಂತ ಮೊದಲು ಹಳ್ಳಿಯ ಜನ ಅಲ್ಲಿ ಕನ್ನಡದ ಚಿತ್ರ ಕಂಡರು. ವರ್ಷ ಮುಗಿದೊಡನೆ ಎರವಲಿನ ಉಪಗ್ರಹ ಹಿಂದೆ ಸರಿಯಿತು.

ಎರವಲಿಗೂ ಸ್ವಂತಕ್ಕೂ ಇರುವ ಅಂತರ ಇಷ್ಟೇ ಅಲ್ಲ. ಸ್ವಂತದ ಉಪಗ್ರಹವಿದ್ದರೆ ಸಾಲದು. ಕಡೆಯ ಮನೆಗೂ ಮುಟ್ಟಿಸಬೇಕೆಂಬ ಕಟ್ಟಳೆ ಪುಸ್ತಕದಲ್ಲಿರಬೇಕು, ಅದನ್ನು ನೆನಪಿಡುವವರೂ ಇರಬೇಕು. ಮೂರರಲ್ಲಿ ಎರಡು ಕೆಟ್ಟ ದಿನ ಜಪಾನೀಯರು ಪ್ರಸಾರವನ್ನು ಮುಂದೂಡಬಹುದಿತ್ತು. ಮುಂದೂಡದೆ ಆರಂಭಿಸಿದ್ದರಿಂದ ದ್ವೀಪದ ಮಕ್ಕಳು ಆ ಸಂಜೆ ಉಳಿದ ದೇಶದೊಡನೆ ಕುಳಿತು ನೋಡಿದರು. ವಿಜ್ಞಾನದ ಸಾಹಸಗಳಲ್ಲಿ ನನ್ನಂಥ ಭಾಷಾ ಅಧ್ಯಾಪಕನಿಗೆ ಅರ್ಥವಾಗುವುದು ಇಷ್ಟು. ಗೌರವ ಮೂಡುವುದೂ ಇಲ್ಲಿಯೇ.