ಗುರುದ್ವಾರದ ಪಂಕ್ತಿಯಲ್ಲಿ ತಾಯಿ

(ಕೂಟದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಪಾಠ)



ಊರಿನಿಂದ ತಂದೆತಾಯಿಗಳು ಬಂದಾಗ ನಾವು ರೈನ್ ನದಿಯನ್ನೂ ಕಲೋನಿನ ಮಹಾ ಇಗರ್ಜಿಯನ್ನೂ ಉತ್ಸಾಹದಿಂದ ತೋರಿಸುತ್ತೇವೆ. ಎರಡು ವಾರ ಕಳೆಯುವಷ್ಟರಲ್ಲಿ ಅವರು ಕೇಳುವುದು ಒಂದೇ ಪ್ರಶ್ನೆ: "ಇಲ್ಲಿ ಗುಡಿ ಎಲ್ಲಿದೆ?" ಹಾಮ್ ನಗರದಲ್ಲಿ ಶ್ರೀಲಂಕಾದ ತಮಿಳರು ಕಟ್ಟಿದ, 2002ರಲ್ಲಿ ಪ್ರತಿಷ್ಠಾಪನೆಯಾದ ಕಾಮಾಕ್ಷಿ ದೇವಾಲಯವಿದೆ. ಅದು ದೂರವಾದವರಿಗೆ ಇನ್ನೊಂದು ಬಾಗಿಲನ್ನು ತೋರಿಸುವುದು ಇಂದಿನ ನನ್ನ ಉದ್ದೇಶ. ಫ್ರಾಂಕ್‌ಫರ್ಟ್, ಕಲೋನ್ ಮೊದಲಾದ ನಗರಗಳಲ್ಲಿ ಸಿಖ್ಖರ ಗುರುದ್ವಾರಗಳಿವೆ.

ಅದು ನಮಗೆ ಪರರ ಮನೆಯಲ್ಲ. ಗುರು ನಾನಕರು ದಕ್ಷಿಣ ಯಾತ್ರೆಯಲ್ಲಿ ಬೀದರಿಗೆ ಬಂದಾಗ, ಸಿಹಿನೀರಿಲ್ಲದೆ ಬಳಲುತ್ತಿದ್ದ ಜನರಿಗಾಗಿ ಬಂಡೆಯ ಬುಡದಿಂದ ಒರತೆ ಚಿಮ್ಮಿಸಿದರೆಂಬುದು ಐತಿಹ್ಯ. ಅಲ್ಲಿಯೇ ನಾನಕ್ ಝೀರಾ ಗುರುದ್ವಾರವಿದೆ. 1699ರಲ್ಲಿ ಆನಂದಪುರದಲ್ಲಿ ಗುರು ಗೋವಿಂದಸಿಂಹರ ಕರೆಗೆ ತಲೆಯೊಪ್ಪಿಸಲು ಎದ್ದುನಿಂತ ಪಂಚಪ್ರಿಯರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಹರು ಬೀದರಿನ ಕ್ಷೌರಿಕ ಮನೆತನದವರೆಂದು ಸಿಖ್ ಪರಂಪರೆ ಹೇಳುತ್ತದೆ. ಅದೇ ಜಿಲ್ಲೆಯ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದ ಶರಣರು ಕಾಯಕ, ದಾಸೋಹಗಳನ್ನು ಬಾಳಿ ತೋರಿಸಿದ್ದರು. ಲಂಗರ್ ಎಂದರೇನೆಂದು ಕನ್ನಡಿಗನಿಗೆ ವಿವರಿಸಲು ದಾಸೋಹ ಎಂಬ ಒಂದು ಮಾತು ಸಾಕು.

ನನ್ನ ತಾಯಿಯವರು ಧಾರವಾಡದ ಕಡೆಯವರು. ತಂದೆಯವರು ತೀರಿಕೊಂಡ ಮೇಲೆ ಯಾವ ಶುಭಕಾರ್ಯಕ್ಕೆ ಹೋದರೂ ತಾವಾಗಿಯೇ ಹಿಂದಿನ ಸಾಲನ್ನು ಹುಡುಕಿಕೊಳ್ಳುತ್ತಿದ್ದರು. ಒಂದು ಭಾನುವಾರ ಅವರನ್ನು ಗುರುದ್ವಾರಕ್ಕೆ ಕರೆದೊಯ್ದೆ. ಪಾದರಕ್ಷೆ ಕಳಚಿ, ಕೈತೊಳೆದು, ಸೆರಗು ಹೊದ್ದು ಒಳಗೆ ಬಂದವರು "ಗರ್ಭಗುಡಿ ಎಲ್ಲೈತಿ?" ಎಂದರು. ಚಪ್ಪರದ ಕೆಳಗೆ, ಎತ್ತರದ ಪೀಠದ ಮೇಲಿದ್ದ ಗ್ರಂಥವನ್ನು ತೋರಿಸಿದೆ. ಸಿಖ್ಖರಿಗೆ 1430 ಪುಟಗಳ ಆ ಗ್ರಂಥವೇ ಗುರು. ಅದರಲ್ಲಿ ನೇಕಾರ ಕಬೀರ, ದರ್ಜಿ ನಾಮದೇವ, ಚಮ್ಮಾರ ರವಿದಾಸರ ವಾಣಿಗಳೂ ಇವೆ. ತಾಯಿಯವರು ಹಣೆ ಹಚ್ಚಿ ನಮಸ್ಕರಿಸಿದರು.

ಬಳಿಕ ಅಡುಗೆಮನೆಯಲ್ಲಿ ವೃದ್ಧ ಪಂಜಾಬಿ ತಾಯಿಯೊಬ್ಬರು ಅವರ ಕೈಗೆ ಹಿಟ್ಟಿನ ಉಂಡೆಯನ್ನಿತ್ತರು. ಇವರಿಗೆ ಅವರ ನುಡಿ ಬಾರದು, ಅವರಿಗೆ ಇವರದು ಬಾರದು. ಇಬ್ಬರೂ ಒಂದು ತಾಸು ರೊಟ್ಟಿ ಲಟ್ಟಿಸಿದರು. ಅನಂತರ ಎಲ್ಲರೊಡನೆ ನೆಲದ ಮೇಲೆ ಒಂದೇ ಪಂಕ್ತಿಯಲ್ಲಿ ಊಟ. ರೈಲಿನಲ್ಲಿ ಮರಳುವಾಗ ತಾಯಿಯವರು ಹೇಳಿದ್ದು ಇಷ್ಟೇ: "ಅಲ್ಲಿ ಯಾರೂ ನನ್ನ ಹಣಿ ನೋಡ್ಲಿಲ್ಲಪಾ." ನಮ್ಮ ಹಬ್ಬಗಳಲ್ಲಿ ಅರಿಸಿನ ಕುಂಕುಮದ ತಟ್ಟೆ ಯಾರನ್ನು ದಾಟಿ ಮುಂದೆ ಹೋಗುತ್ತದೆ ಎಂಬುದನ್ನು ನಾವು ಈ ಮಾತಿನ ಬೆಳಕಿನಲ್ಲಿ ನೋಡಬೇಕಾಗಿದೆ.

ಜರ್ಮನಿಗೂ ಈ ಗ್ರಂಥಕ್ಕೂ ಹಳೆಯ ನಂಟುಂಟು. ಜರ್ಮನ್ ವಿದ್ವಾಂಸ ಅರ್ನ್‌ಸ್ಟ್ ಟ್ರುಂಪ್ ಆದಿಗ್ರಂಥದ ಭಾಗಶಃ ಇಂಗ್ಲಿಷ್ ಅನುವಾದವನ್ನು 1877ರಲ್ಲಿ ಪ್ರಕಟಿಸಿದರು. ಪಾಂಡಿತ್ಯವಿತ್ತು; ಆದರೆ ಅದರಲ್ಲಿನ ತಾತ್ಸಾರದ ಧಾಟಿ ಸಿಖ್ಖರನ್ನು ನೋಯಿಸಿತು. ಅದೇ ನಾಡಿನ ಕಿಟೆಲ್ಲರು ಕನ್ನಡಿಗರ ನಡುವೆ ಬಾಳಿ 1894ರಲ್ಲಿ ನಮಗೆ ನಿಘಂಟನ್ನಿತ್ತರು. ಅವರನ್ನು ನಾವು ಇಂದಿಗೂ ನೆನೆಯುತ್ತೇವೆ. ಅನ್ಯರ ಮನೆಯನ್ನು ಅರಿಯಲು ವಿದ್ಯೆಯೊಂದೇ ಸಾಲದು, ವಿನಯವೂ ಬೇಕು.

ತೆರೆದ ಬಾಗಿಲಿಗೆ ಅಪಾಯವೂ ಉಂಟು. 2016ರ ಏಪ್ರಿಲ್ 16ರಂದು, ಮದುವೆ ನಡೆದ ದಿನ, ಎಸೆನ್ ನಗರದ ಗುರುದ್ವಾರದ ಮೇಲೆ ತೀವ್ರವಾದಿ ಹುಡುಗರು ಬಾಂಬು ಹಾಕಿದರು, ಮೂವರು ಗಾಯಗೊಂಡರು. ಇಂತಹ ಹೊತ್ತಿನಲ್ಲಿ ನೆರೆಹೊರೆಯವರು ಒಳಗೆ ಬಂದು ಜೊತೆಯಲ್ಲಿ ಕೂರುವುದೇ ದೊಡ್ಡ ಆಸರೆ.

ಆದುದರಿಂದ ಮುಂದಿನ ಬಾರಿ ತಂದೆತಾಯಿಗಳು ಬಂದಾಗ ಮಕ್ಕಳೊಡನೆ ಅಲ್ಲಿಗೆ ಹೋಗಿರಿ. ತಲೆಗೆ ವಸ್ತ್ರವಿರಲಿ, ತಂಬಾಕು ಮನೆಯಲ್ಲೇ ಉಳಿಯಲಿ, ಪ್ರಸಾದವನ್ನು ಎರಡೂ ಕೈಯೊಡ್ಡಿ ಸ್ವೀಕರಿಸಿರಿ. ಉಂಡ ಮೇಲೆ ನಾಲ್ಕು ತಟ್ಟೆಗಳನ್ನಾದರೂ ತೊಳೆದು ಬನ್ನಿರಿ.