ಅಮ್ಮನ ಮಂಡಿ ಒಪ್ಪಿದ ಹಡಗು

ನಮ್ಮ ವಸಂತಪುರದ ವಸಂತ ವಲ್ಲಭರಾಯಸ್ವಾಮಿ ದೇವಸ್ಥಾನ ನೋಡಿದೀರಾ? ಗುಡ್ಡದ ಮೇಲಿದೆ. ಗುಡ್ಡ ಅಂದ್ರೆ ದೊಡ್ಡದೇನಲ್ಲ, ಮಾತಾಡ್ತಾ ಮಾತಾಡ್ತಾ ಹತ್ಬಿಡಬಹುದು. ನಮ್ಮಮ್ಮನಿಗೆ 74. ಅರ್ಧ ದಾರಿಯಲ್ಲಿ ಒಂದು ಸಲ ನಿಂತು ಸೆರಗು ಸರಿ ಮಾಡ್ಕೋತಾರೆ. ಸೆರಗು ಸರಿಯಾಗೇ ಇರುತ್ತೆ. ಮಂಡಿ ಕೇಳ್ತಿರಲ್ಲ, ಅಷ್ಟೆ.

ಅಪ್ಪನನ್ನೋ ಅಮ್ಮನನ್ನೋ ಮೊದಲ ಸಲ ವಿದೇಶಿ ಕ್ರೂಸ್‌ಗೆ ಕರ್ಕೊಂಡು ಹೋಗ್ಬೇಕು ಅಂತಿರೋರು ಹಡಗಿನ ಫೋಟೋ ನೋಡೋದಕ್ಕೆ ಮುಂಚೆ ಈ ಸೆರಗನ್ನ ಗಮನಿಸಿ. ಎಷ್ಟು ಹೊತ್ತು ನಿಂತಿರ್ತಾರೆ, ರಾತ್ರಿ ಎಷ್ಟು ಸಲ ಏಳ್ತಾರೆ, ಊಟ ಎಷ್ಟು ಗಂಟೆಗೆ ಆಗ್ಲೇಬೇಕು, ಒಂದು ವಾರ ಸುಮ್ನೆ ನೋಡ್ಕೊಳ್ಳಿ. ನಾನು ಹದಿನೈದು ದಿನ ನೀರಿನ ಜಾರುಬಂಡೆ, ಮ್ಯಾಜಿಕ್ ಷೋಗಳ ವಿಡಿಯೊ ನೋಡ್ತಾ ಕೂತಿದ್ದೆ. ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ಬಿಸಿನೀರು ಯಾವಾಗ ಬೇಕಾದ್ರೂ ಸಿಗುತ್ತೇನೋ?"

ಸಿಗುತ್ತೆ. ಬಫೆಯಲ್ಲಿ. ಅದಕ್ಕೊಂದು ಫ್ಲಾಸ್ಕ್ ತಗೊಂಡು ಹೋಗಿ. ಕೆಟಲ್, ನೀರು ಕಾಯಿಸೋ ಕಾಯಿಲ್, ಇಸ್ತ್ರಿ ಪೆಟ್ಟಿಗೆ ಇವೆಲ್ಲ ಹತ್ತೋವಾಗ್ಲೇ ತೆಗೆದಿಟ್ಕೋತಾರೆ. ಹಡಗಿನಲ್ಲಿ ಬೆಂಕಿಗಿಂತ ದೊಡ್ಡ ಭಯ ಇನ್ನೊಂದಿಲ್ಲ.

ಈಗ ದಾರಿ. ಬೆಂಗಳೂರಿನವರ ಮೊದಲ ಪ್ರಯಾಣಕ್ಕೆ ಸಿಂಗಪುರವೇ ಸರಿ ಅನ್ನೋದು ನನ್ನ ಅಭಿಪ್ರಾಯ. ದೇವನಹಳ್ಳಿಯಿಂದ ನೇರ ವಿಮಾನ, ಸುಮಾರು ನಾಲ್ಕೂವರೆ ಗಂಟೆ. ಅಲ್ಲಿಂದ ಮೂರು, ನಾಲ್ಕು ರಾತ್ರಿಯ ಹಡಗುಗಳು ಮಲೇಷ್ಯಾದ ಪೆನಾಂಗ್, ಥಾಯ್ಲೆಂಡಿನ ಫುಕೆಟ್ ಕಡೆ ಹೋಗಿ ಬರ್ತವೆ. ಒಂದು ಕಡೆ ಸುಮಾತ್ರಾ, ಇನ್ನೊಂದು ಕಡೆ ಮಲಯ ಪರ್ಯಾಯ ದ್ವೀಪ, ನಡುವೆ ಮಲಾಕ್ಕಾ ಜಲಸಂಧಿ. ಎರಡೂ ಕಡೆ ನೆಲದ ಮರೆ ಇರೋದ್ರಿಂದ ಅಲ್ಲಿ ಅಲೆ ಕಮ್ಮಿ. ಫುಕೆಟ್ ಇರೋ ಅಂಡಮಾನ್ ಸಮುದ್ರ ಮಾತ್ರ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಳೆಗಾಲದಲ್ಲಿ ಕುಣಿಯುತ್ತೆ. ಹೊಸ ವರ್ಷ ಕಳೆದ ಮೇಲೆ, ಜನವರಿಯಿಂದ ಮಾರ್ಚ್‌ವರೆಗೆ ನೋಡಿ. ಯುರೋಪು ಎರಡನೇ ಸಲಕ್ಕಿರಲಿ.

ಪಾಸ್‌ಪೋರ್ಟಿನಲ್ಲಿ ನಮ್ಮ ಕಡೆಯ ತೊಂದರೆ ಅಂದ್ರೆ ಇನಿಷಿಯಲ್. ನಾವೋ ಊರ ಹೆಸರು, ಅಪ್ಪನ ಹೆಸರು, ಗಂಡನ ಹೆಸರು ಎಲ್ಲವನ್ನೂ ಎರಡಕ್ಷರದಲ್ಲಿ ಮಡಚಿಟ್ಟಿರ್ತೀವಿ. ಆಧಾರ್‌ನಲ್ಲಿ ಒಂದು ಥರ, ಬ್ಯಾಂಕಿನಲ್ಲಿ ಇನ್ನೊಂದು ಥರ. ಪಾಸ್‌ಪೋರ್ಟಿನಲ್ಲಿ ಅದನ್ನ ಬಿಡಿಸಿ ಬರೀಬೇಕು, ಆಗ ಹಳೇ ಊರೇ ಸರ್‌ನೇಮ್ ಆಗ್ಬಿಡುತ್ತೆ. ಆಗ್ಲಿ ಬಿಡಿ. ಸರ್‌ನೇಮ್ ಜಾಗ ಖಾಲಿ ಬಿಟ್ಟು ಒಂದೇ ಹೆಸರಲ್ಲಿ ಮಾಡಿಸೋದಕ್ಕಿಂತ ಅದು ವಾಸಿ. ಒಂದೇ ಹೆಸರಿನ ಪಾಸ್‌ಪೋರ್ಟ್ ಇರೋ ಪ್ರವಾಸಿಗಳನ್ನ ಬಿಡಲ್ಲ ಅಂತ ಯುಎಇ 2022ರ ನವೆಂಬರಿನಲ್ಲಿ ನಿಯಮ ತಂದಾಗ ಎಷ್ಟೋ ಜನಕ್ಕೆ ಕಷ್ಟ ಆಯ್ತು. ನಾಳೆ ದುಬೈ ಹಡಗು ಹತ್ತೋ ಮನಸ್ಸಾದ್ರೆ? 60 ದಾಟಿದವರ ಹೊಸ ಅರ್ಜಿಗೆ ಶುಲ್ಕದಲ್ಲಿ 10 ಪರ್ಸೆಂಟ್ ರಿಯಾಯಿತಿ ಇದೆ. ಹಳೇ ಪಾಸ್‌ಪೋರ್ಟ್ ಇದ್ರೆ, ಪ್ರಯಾಣದ ದಿನಕ್ಕೆ ಇನ್ನೂ ಆರು ತಿಂಗಳ ಅವಧಿ ಉಳಿದಿರ್ಬೇಕು.

ಇನ್ನು ವೀಸಾ. ಇಲ್ಲಿ ಸ್ವಲ್ಪ ನಿಧಾನವಾಗಿ ಕೇಳಿ. ವಿಮಾನದಲ್ಲಿ ಸಿಂಗಪುರಕ್ಕೆ ಇಳಿದಾಗ ಒಂದು ಪ್ರವೇಶ. ಹಡಗು ಹತ್ತಿದಾಗ ನೀವು ಆ ದೇಶ ಬಿಟ್ಟ ಲೆಕ್ಕ. ನಾಲ್ಕು ದಿನ ಬಿಟ್ಟು ಹಡಗು ವಾಪಸ್ ಅದೇ ಸಿಂಗಪುರಕ್ಕೆ ಬಂದಾಗ ಅದು ಎರಡನೇ ಪ್ರವೇಶ. ನೀವು ಹೋಟೆಲಿನಿಂದ ಹೋಟೆಲಿಗೆ ಬಂದ ಹಾಗೆ ಅಂದ್ಕೊಂಡಿರ್ತೀರಿ, ಇಮಿಗ್ರೇಷನ್‌ನವರು ಹಾಗೆ ಅಂದ್ಕೊಳ್ಳಲ್ಲ. ಆದ್ದರಿಂದ ವೀಸಾ ಕೈಗೆ ಬಂದ ಕೂಡ್ಲೇ ಅದರ ಮೇಲೆ ಮಲ್ಟಿಪಲ್ ಅಂತ ಇದೆಯಾ ಓದಿ. ಯುರೋಪಿನ ಕ್ರೂಸ್ ಟರ್ಕಿಗೆ ಹೋಗಿ ಬಂದ್ರೂ ಷೆಂಗನ್ ವೀಸಾದಲ್ಲಿ ಇದೇ ಕಥೆ. ಮಲೇಷ್ಯಾ, ಥಾಯ್ಲೆಂಡ್ ಎರಡೂ 2023ರ ಕೊನೆಯಲ್ಲಿ ಭಾರತೀಯರಿಗೆ ವೀಸಾ ಬೇಡ ಅಂದಿದ್ವು. ಇಂಥ ರಿಯಾಯಿತಿಗಳು ಬದಲಾಗ್ತಾ ಇರ್ತವೆ, ಹೊರಡೋ ತಿಂಗಳು ಇನ್ನೊಂದು ಸಲ ನೋಡ್ಕೊಳ್ಳಿ. ಸಿಂಗಪುರಕ್ಕೆ ಇಳಿಯೋ ಮುಂಚಿನ ಮೂರು ದಿನದೊಳಗೆ ಆನ್‌ಲೈನಿನಲ್ಲಿ ಅರೈವಲ್ ಕಾರ್ಡ್ ತುಂಬ್ಬೇಕು. ಅದು ಉಚಿತ, ಯಾರಾದ್ರೂ ದುಡ್ಡು ಕೇಳಿದ್ರೆ ನೀವು ತಪ್ಪು ಅಂಗಡಿಗೆ ಹೋಗಿದೀರಿ ಅಂತ ಅರ್ಥ.

ಏಜೆಂಟ್ ಹತ್ರ ನಾನು ಕಲಿತ ಪಾಠ ಒಂದಿದೆ. "ಎಲ್ಲಾ ಸೇರಿ ಸಾರ್" ಅಂದಿದ್ರು. ಎಲ್ಲದರಲ್ಲಿ ಟಿಪ್ಸ್ ಸೇರಿರ್ಲಿಲ್ಲ. ಹಡಗಿನವರು ತಲೆಗಿಷ್ಟು, ರಾತ್ರಿಗಿಷ್ಟು ಅಂತ ಡಾಲರ್ ಲೆಕ್ಕದಲ್ಲಿ ಕ್ಯಾಬಿನ್ ಖಾತೆಗೆ ಹಾಕ್ತಾರೆ. ಇನ್ನೊಂದು, ಟೂರ್ ಪ್ಯಾಕೇಜಿನ ಮೇಲೆ ಟಿಸಿಎಸ್ ಅನ್ನೋ ತೆರಿಗೆ ಹಿಡೀತಾರೆ. ಅಮ್ಮನ ಪ್ಯಾನ್ ಕೊಟ್ರೆ ಅದನ್ನ ವಾಪಸ್ ಪಡೆಯೋಕೆ ಅಮ್ಮನೇ ರಿಟರ್ನ್ಸ್ ಸಲ್ಲಿಸ್ಬೇಕು. ಯಾರು ತಪ್ಪದೆ ರಿಟರ್ನ್ಸ್ ಹಾಕ್ತಾರೋ ಅವರ ಪ್ಯಾನ್ ಕೊಡಿ.

ಹಡಗು ಹತ್ತೋ ದಿನವೇ ವಿಮಾನದಲ್ಲಿ ಇಳಿಯೋ ಸಾಹಸ ಬೇಡ. ವಸಂತಪುರದಿಂದ ಏರ್‌ಪೋರ್ಟ್ ಅಂದ್ರೆ ಇಡೀ ಬೆಂಗಳೂರನ್ನ ದಕ್ಷಿಣದಿಂದ ಉತ್ತರಕ್ಕೆ ಸೀಳ್ಕೊಂಡು ಹೋಗ್ಬೇಕು. ವಿಮಾನ ತಡ ಆದ್ರೆ ಹಡಗು ಕಾಯಲ್ಲ. ಒಂದು ದಿನ ಮುಂಚೆ ಹೋಗಿ ಸಿಂಗಪುರದ ಸೆರಂಗೂನ್ ರಸ್ತೆ ಕಡೆ ರೂಮ್ ಮಾಡಿ, ಇಡ್ಲಿ ಸಿಗುತ್ತೆ. ವಿಮಾನದಲ್ಲಿ ವೀಲ್‌ಚೇರ್ ಬೇಕು ಅಂತ ಟಿಕೆಟ್ ಮಾಡೋವಾಗ್ಲೇ ಬರೆಸಿ. ಅಮ್ಮ "ನನಗೇನಾಗಿದೆ, ಕುಂಟೀನಾ ನಾನು?" ಅಂದ್ರು. ನಾನು ಜಗಳ ಆಡ್ಲಿಲ್ಲ. ಟರ್ಮಿನಲ್ ಎರಡರ ಉದ್ದ ನೋಡಿದ ಮೇಲೆ ಅವರೇ ಕೂತ್ರು.

ಬುಕ್ ಮಾಡೋವಾಗ ಯಾರೂ ಕೇಳದ ಒಂದು ಪ್ರಶ್ನೆ: ಹಡಗು ಪ್ರತಿ ಊರಿನಲ್ಲೂ ದಕ್ಕೆಗೆ ತಾಗುತ್ತಾ? ಪೆನಾಂಗ್‌ನಲ್ಲಿ ಸ್ವೆಟನ್‌ಹ್ಯಾಮ್ ಪಿಯರ್‌ಗೆ ತಾಗುತ್ತೆ. ಇಳಿದ್ರೆ ಅಲ್ಲೇ ಜಾರ್ಜ್ ಟೌನ್, ಕ್ವೀನ್ ಸ್ಟ್ರೀಟಿನಲ್ಲಿ 1833ರ ಮಹಾಮಾರಿಯಮ್ಮನ್ ಗುಡಿ. ಅಮ್ಮ ಆರಾಮಾಗಿ ಹೋಗಿ ಮಂಗಳಾರತಿ ತಗೊಂಡು ಬಂದ್ರು. ಫುಕೆಟ್‌ನಲ್ಲಿ ದೊಡ್ಡ ಹಡಗುಗಳು ಸಾಮಾನ್ಯವಾಗಿ ಪಟಾಂಗ್ ಕೊಲ್ಲಿಯಲ್ಲಿ ದೂರದಲ್ಲೇ ಲಂಗರು ಹಾಕಿ, ಜನರನ್ನ ಚಿಕ್ಕ ದೋಣಿಯಲ್ಲಿ ದಡಕ್ಕೆ ಸಾಗಿಸ್ತವೆ. ಇದಕ್ಕೆ ಟೆಂಡರ್ ಅಂತಾರೆ. ಹಡಗು ಅಲ್ಲಾಡಲ್ಲ, ದೋಣಿ ಒಂದು ಗೇಣು ಏಳುತ್ತೆ, ಒಂದು ಗೇಣು ಇಳಿಯುತ್ತೆ. ಅದು ಮೇಲೆ ಬಂದ ಕ್ಷಣಕ್ಕೆ ಸರಿಯಾಗಿ ಕಾಲಿಡ್ಬೇಕು. ಸಿಬ್ಬಂದಿ ಕೈ ಹಿಡೀತಾರೆ, ಆದ್ರೆ ಮಂಡಿಯನ್ನ ಅವರು ಹಿಡಿಯೋಕಾಗಲ್ಲ. ಕೆಲವು ಹಡಗು ಮಲೇಷ್ಯಾದ ಪೋರ್ಟ್ ಕ್ಲಾಂಗ್‌ಗೆ ಹೋಗ್ತವೆ, ಅಲ್ಲಿಂದ ಬಾಟು ಗುಹೆಗೆ ಬಸ್ ಇರುತ್ತೆ. ಮುರುಗನ ದರ್ಶನಕ್ಕೆ 272 ಮೆಟ್ಟಿಲು. ನಮ್ಮ ಗುಡ್ಡದಲ್ಲೇ ಸೆರಗು ಸರಿ ಮಾಡ್ಕೊಳ್ಳೋರು ಅಲ್ಲಿ ಕೆಳಗಿನಿಂದಲೇ ಕೈ ಮುಗಿದ್ರೂ ಸ್ವಾಮಿ ಬೇಜಾರು ಮಾಡ್ಕೊಳ್ಳಲ್ಲ.

ಕ್ಯಾಬಿನ್ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ, ಲಿಫ್ಟ್‌ಗೆ ಹತ್ತಿರ ಇರ್ಲಿ. ತೂಗುಯ್ಯಾಲೆಯ ಹಾಗೆ, ತುದಿಗೆ ಹೋದಷ್ಟೂ ತೂಗಾಟ ಜಾಸ್ತಿ. ಹಾಸಿಗೆ ಜೋಡಿಸಿಟ್ಟಿರ್ತಾರೆ, ಬೇರೆ ಬೇರೆ ಮಾಡಿಕೊಡಿ ಅಂತ ಮೊದಲೇ ಹೇಳಿ. ಬಚ್ಚಲಿನ ಹೊಸ್ತಿಲು ಎತ್ತರ ಇರುತ್ತೆ, ಕಿಟಕಿ ಇಲ್ಲದ ಕ್ಯಾಬಿನ್ ರಾತ್ರಿ ಕಾಡಿಗೆ ಕಪ್ಪು. ಬಚ್ಚಲಿನ ದೀಪ ಹಚ್ಚಿಟ್ಟೇ ಮಲಗಿ.

ವಾಂತಿ ಮಾತ್ರೆಯನ್ನ ಔಷಧಿ ಅಂಗಡಿಯವರನ್ನ ಕೇಳಿ ತಗೋಬೇಡಿ. ನಮಗೆ ಬರೀ ನಿದ್ದೆ ಬರಿಸೋ ಮಾತ್ರೆ ವಯಸ್ಸಾದವರಿಗೆ ಗೊಂದಲ, ತೂರಾಟ ತರಬಹುದು. ಗ್ಲಾಕೋಮಾ, ಪ್ರಾಸ್ಟೇಟ್ ಇದ್ದವರಿಗಂತೂ ಇನ್ನೂ ತೊಂದರೆ. ಅವರನ್ನ ನೋಡೋ ಡಾಕ್ಟರನ್ನೇ ಕೇಳಿ. ಬಿಪಿ, ಶುಗರ್ ಮಾತ್ರೆ ಚೀಟಿ ಸಮೇತ ಕೈಚೀಲದಲ್ಲಿರಲಿ. ನಿದ್ದೆ ಮಾತ್ರೆ, ಬಲವಾದ ನೋವಿನ ಮಾತ್ರೆಗಳಿಗೆ ಸಿಂಗಪುರದಲ್ಲಿ ಮೊದಲೇ ಅನುಮತಿ ಬೇಕಾಗಬಹುದು, ಹೆಸರು ಹಿಡಿದು ವಿಚಾರಿಸಿ. ಇನ್ಶೂರೆನ್ಸ್ ಅರ್ಜಿಯಲ್ಲಿ ಇರೋ ಕಾಯಿಲೆ ಮುಚ್ಚಿಡಬೇಡಿ. ಹಡಗಿನ ಡಾಕ್ಟರ್ ಬಿಲ್ಲೂ ಡಾಲರಿನಲ್ಲೇ ಬರುತ್ತೆ. ನಡು ಸಮುದ್ರದಿಂದ ದಡದ ಆಸ್ಪತ್ರೆಗೆ ಸಾಗಿಸೋ ಖರ್ಚು ಪಾಲಿಸಿಯಲ್ಲಿ ಇದೆಯಾ ಅಂತ ಓದಿ ಸಹಿ ಹಾಕಿ.

ತಿಂಡಿಗೆ ಬರೋಣ. ಈ ದಾರಿಯ ದೊಡ್ಡ ಹಡಗುಗಳಲ್ಲಿ ಸಸ್ಯಾಹಾರಿ, ಜೈನ ಊಟ ಮೊದಲೇ ಹೇಳಿದ್ರೆ ಸಿಗುತ್ತೆ. ಸಾರನ್ನ ಹೋಲೋ ಒಂದು ಸಾರೂ ಸಿಗುತ್ತೆ. ಆದ್ರೂ ಅಮ್ಮ ಹೊರಡೋ ಹಿಂದಿನ ದಿನ ಡಬ್ಬಿ ತುಂಬಾ ಅಂಟಿನುಂಡೆ ಕಟ್ಟಿದ್ರು. ಮೇಲೆಲ್ಲ ಗಸಗಸೆ. ಗಸಗಸೆ ಸಿಂಗಪುರದಲ್ಲಿ ಕೊತ್ತಂಬರಿ ಜೀರಿಗೆ ಜೊತೆಗೆ ಬರಲ್ಲ, ಅಫೀಮಿನ ಜೊತೆಗೆ ಬರುತ್ತೆ. ಮಾದಕ ವಸ್ತು ಇಲಾಖೆಯ ಕಣ್ಣು ಅದರ ಮೇಲೆ. "ಪಾಯಸಕ್ಕೆ ಹಾಕೋದು ಕಣೋ ಅದು!" ಅಂತ ಅಮ್ಮ. ಡಬ್ಬಿ ಎದುರು ಮನೆಗೆ ಹೋಯ್ತು. ಹಡಗಿನವರು ಸಾಮಾನ್ಯವಾಗಿ ಮನೆಯಲ್ಲಿ ಮಾಡಿದ್ದು ಯಾವುದನ್ನೂ ಬಿಡಲ್ಲ. ಕಾಂಡಿಮೆಂಟ್ಸ್ ಅಂಗಡಿಯ ಸೀಲ್ ಮಾಡಿದ ಕೋಡುಬಳೆ ಪ್ಯಾಕೆಟ್ ತಗೊಂಡು ಹೋಗಿ.

ಫೋನನ್ನ ದಡ ಬಿಟ್ಟ ಕೂಡ್ಲೇ ಏರ್‌ಪ್ಲೇನ್ ಮೋಡ್‌ಗೆ ಹಾಕಿ. ಸಮುದ್ರದ ಮೇಲೆ ಹಡಗಿನದೇ ಸಿಗ್ನಲ್ ಇರುತ್ತೆ. ಸಾಮಾನ್ಯ ರೋಮಿಂಗ್ ಪ್ಯಾಕ್ ಅದಕ್ಕೆ ಅನ್ವಯಿಸಲ್ಲ, ಬಿಲ್ ನೋಡಿದ್ರೆ ಎದೆ ಹೊಡ್ಕೊಳ್ಳುತ್ತೆ.

ಹೊರಡೋಕೆ ಮುಂಚೆ ಎಲ್ಲರಿಗೂ ಕಡ್ಡಾಯ ಸುರಕ್ಷತಾ ಕವಾಯತು. ಹಡಗಿನ ಸೈರನ್ ಏಳು ಸಲ ಚಿಕ್ಕದಾಗಿ, ಒಂದು ಸಲ ಉದ್ದಕ್ಕೆ ಕೂಗುತ್ತೆ. ಅಮ್ಮ ಬೆರಳು ಮಡಚಿ ಎಣಿಸಿದ್ರು, ಎಂಟೂ ಸರಿಯಾಗಿದೆ ಅಂತ ನನಗೆ ವರದಿ ಕೊಟ್ರು.

ಫುಕೆಟ್ ದಿನ ಬೆಳಗ್ಗೆ ದೋಣಿಗೆ ಕ್ಯೂ ನಿಂತಿತ್ತು. ಇಡೀ ಹಡಗು ಖಾಲಿಯಾಗ್ತಾ ಇತ್ತು. ಅಮ್ಮ ಫ್ಲಾಸ್ಕ್ ಇಟ್ಕೊಂಡು ಡೆಕ್‌ನಲ್ಲಿ ನೆರಳಿರೋ ಕುರ್ಚಿ ಹಿಡಿದಿದ್ರು, ಕಾಲು ಎದುರಿನ ಸ್ಟೂಲ್ ಮೇಲೆ. ನಾನು ದೋಣಿಯನ್ನೊಮ್ಮೆ, ಅವರನ್ನೊಮ್ಮೆ ನೋಡ್ತಾ ನಿಂತಿದ್ದೆ. ಅಮ್ಮ ಕೈ ಬೀಸಿದ್ರು. "ನೀನು ಹೋಗಿ ಬಾ. ಮನೆ ಕಡೆ ನಾನು ನೋಡ್ಕೋತೀನಿ."