ಮನೆಯಂಗಳಕ್ಕೆ ನಾವೇ ಫರಸಿ ಹಾಸೋಣ
(ಗ್ರಾಮಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ತಾಳಿಕೋಟಿ ಎಂದೊಡನೆ ಶಾಲೆ ಕಲಿತವರಿಗೆ 1565ರ ಯುದ್ಧ ನೆನಪಾಗುತ್ತದೆ. ಮನೆ ಕಟ್ಟುವವರಿಗೆ ನೆನಪಾಗುವುದು ಅಲ್ಲಿಯ ಕಲ್ಲು. ಅದು ಸುಣ್ಣದ ಕಲ್ಲು. ನೆಲದಲ್ಲಿ ಪದರು ಪದರಾಗಿ ಮಲಗಿರುವುದರಿಂದ ಅದನ್ನು ಹಲಗೆಯಂತೆ ಸೀಳಿ ತೆಗೆಯಲು ಬರುತ್ತದೆ. ಮುದ್ದೇಬಿಹಾಳ ಕಡೆಯವರಿಗೆ ಅದು ಬಾಗಿಲಲ್ಲಿಯೇ ಇದ್ದಂತೆ. ಇಂಡಿ, ಸಿಂದಗಿ, ಬಸವನ ಬಾಗೇವಾಡಿಯವರಿಗೂ ದೂರದ್ದಲ್ಲ. ಇಷ್ಟಿದ್ದೂ ಮಳೆಗಾಲ ಬಂತೆಂದರೆ ನಮ್ಮ ಎಷ್ಟೋ ಅಂಗಳಗಳು ರಾಡಿಯಾಗುತ್ತವೆ. ತಾಯಂದಿರು ಆ ರಾಡಿಯಲ್ಲಿಯೇ ಕೊಡ ಹೊತ್ತು ನಡೆಯಬೇಕು, ಮಕ್ಕಳು ಅದರಲ್ಲಿಯೇ ಆಡಬೇಕು.

ನಾನು ಮಾಡಿದ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ಒಂದು ಬೇಸಿಗೆಯಲ್ಲಿ ನಮ್ಮ ಅಂಗಳಕ್ಕೆ ಒಳ್ಳೆಯ ಫರಸಿಯನ್ನೇ ತಂದೆ. ನೆಲವನ್ನು ಸಲಿಕೆಯಿಂದ ಸವರಿ, ಎರೆ ಮಣ್ಣಿನ ಮೇಲೆಯೇ ಕಲ್ಲು ಇಟ್ಟೆ. ನೋಡಿದವರೆಲ್ಲ ಹೊಗಳಿದರು. ಮುಂದಿನ ಮಳೆಗೆ ಒಂದು ಕಲ್ಲು ಎದ್ದಿತು, ಇನ್ನೊಂದು ಕುಸಿಯಿತು. ನೀರು ಗೋಡೆಯ ಕಡೆಗೇ ಹರಿದು ಬುಡದಲ್ಲಿ ನಿಂತಿತು. ಒಂದು ಮುಂಜಾನೆ ನಮ್ಮ ಅವ್ವ ಎದ್ದ ಕಲ್ಲಿನ ಅಂಚಿಗೆ ಎಡವಿ, ತುಂಬಿದ ಕೊಡದೊಡನೆ ಬಿದ್ದಳು. ಆಗ ನನಗೆ ತಿಳಿಯಿತು: ಅಂಗಳದ ಗಟ್ಟಿತನ ಕಲ್ಲಿನಲ್ಲಿಲ್ಲ, ಕಲ್ಲಿನ ಕೆಳಗಿದೆ.

ನಮ್ಮ ಎರೆ ಮಣ್ಣಿನ ಗುಣ ನಿಮಗೆ ಗೊತ್ತೇ ಇದೆ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬಿಳಿಜೋಳಕ್ಕೆ ಈ ಗುಣವೇ ಹಿತ. ಹಿಡಿದಿಟ್ಟ ತೇವದ ಮೇಲೆ ಬೆಳೆ ಬರುತ್ತದೆ. ಆದರೆ ಕಲ್ಲಿಗೆ ಅದು ವೈರಿ. ಆದುದರಿಂದ ಎರೆ ಮಣ್ಣಿಗೂ ಕಲ್ಲಿಗೂ ನಡುವೆ ಗರಸಿನ ಹಾಸು ಇರಬೇಕು.

ಈಗ ಲೆಕ್ಕಕ್ಕೆ ಬರೋಣ. ಮನೆಯ ಗೋಡೆಯ ಗುಂಟ 12 ಅಡಿ, ಮುಂದಕ್ಕೆ 10 ಅಡಿ ಅಂಗಳವೆಂದು ಹಿಡಿಯಿರಿ. 2 ಅಡಿ ಚೌಕದ ಕಲ್ಲು 30 ಬೇಕು. ಒಡೆದರೆ ಇರಲೆಂದು ಇನ್ನೆರಡು ತನ್ನಿರಿ. ಸಂದುಗಳಿಗಾಗಿ ಒಂದೆರಡು ಇಂಚು ಜಾಗ ಹೆಚ್ಚು ಬಿಡಿರಿ. ಕಲ್ಲು ಒಂದೂವರೆ ಇಂಚು ದಪ್ಪವಿರಲಿ. ಕೊಳ್ಳುವಾಗ ಪ್ರತಿಯೊಂದನ್ನೂ ಬೆರಳ ಗೆಣ್ಣಿನಿಂದ ಬಡಿದು ನೋಡಿರಿ. ಗಣ್ಣೆಂದರೆ ಒಳ್ಳೆಯದು, ಬದ್ದೆಂದರೆ ಒಳಗೆ ಬಿರುಕಿದೆ. ಹೊರ ಅಂಗಳಕ್ಕೆ ಪಾಲಿಶ್ ಮಾಡಿದ ಕಲ್ಲು ಬೇಡ. ನೀರು ಬಿದ್ದರೆ ಜಾರುತ್ತದೆ.

ಮೊದಲು ನಾಲ್ಕು ಗೂಟ ಹೊಡೆದು ಹುರಿ ಕಟ್ಟಿರಿ. ಮೂಲೆ ಕಾಟಕೋನವಾಗಿದೆಯೋ ಎಂದು ನೋಡಲು ಒಂದು ಹುರಿಯ ಮೇಲೆ 3 ಅಡಿಗೆ, ಇನ್ನೊಂದರ ಮೇಲೆ 4 ಅಡಿಗೆ ಗುರುತು ಮಾಡಿರಿ. ಈ ಎರಡು ಗುರುತುಗಳ ನಡುವೆ ಸರಿಯಾಗಿ 5 ಅಡಿ ಬಂದರೆ ಮೂಲೆ ಸರಿ. ಆಮೇಲೆ ಇಳುಕಲು. 10 ಅಡಿಗೆ 2 ಇಂಚು ಇಳಿಯಬೇಕು, ಅದೂ ಮನೆಯಿಂದ ಹೊರಕ್ಕೆ. ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿ ಎರಡು ತುದಿಗಳ ಮಟ್ಟ ಹಿಡಿದು, ಹೊರಗಿನ ಹುರಿಯನ್ನು 2 ಇಂಚು ಕೆಳಗೆ ಕಟ್ಟಿರಿ. ಫರಸಿಯ ಮೇಲ್ಮೈ ಮನೆಯ ಹೊಸ್ತಿಲಿಗಿಂತ ಅರ್ಧ ಅಡಿಯಾದರೂ ಕೆಳಗಿರಲಿ.

ಈಗ ಒಂದು ಅಡಿ ಆಳ ಅಗೆಯಿರಿ. ತಳಕ್ಕೂ ಅದೇ ಇಳುಕಲು ಇರಲಿ. ಮಣ್ಣಿನ ಗೋಡೆಯ ಹಳೆಯ ಮನೆಯಾದರೆ ಗೋಡೆಯ ಬುಡಕ್ಕೆ ಹತ್ತಿ ಅಗೆಯುವ ಮೊದಲು ತಿಳಿದ ಗೌಂಡಿಯನ್ನು ಕರೆದು ತೋರಿಸಿರಿ. ಬುಡ ಸಡಿಲಾದರೆ ಅಂಗಳದ ಆಸೆಗೆ ಮನೆಯನ್ನೇ ಕಳೆದುಕೊಂಡಂತಾದೀತು. ಬೇಸಿಗೆಯಲ್ಲಿ ತಳ ಬಿರಿದಿದ್ದರೆ ಬಿರುಕುಗಳಿಗೆ ಗರಸು ತುಂಬಿ, ಹಿಂದಿನ ಸಂಜೆ ನೀರು ಚಿಮುಕಿಸಿರಿ.

ಗರಸನ್ನು ಒಮ್ಮೆಲೇ ಸುರಿಯಬಾರದು. ಮೂರು ನಾಲ್ಕು ಇಂಚು ಹಾಕುವುದು, ಸ್ವಲ್ಪ ನೀರು ಚಿಮುಕಿಸುವುದು, ದಿಮ್ಮಸು ಹೊಡೆಯುವುದು. ಹೀಗೆ ಮೂರು ಸಲ ಮಾಡಿ 10 ಇಂಚಿಗೆ ತನ್ನಿರಿ. ಹಿಮ್ಮಡಿಯಿಂದ ಒದ್ದರೂ ಗುರುತು ಬೀಳಬಾರದು. ಬಡಿದ ಮೇಲೆ ಇದು 100 ಘನ ಅಡಿಯಾಗುತ್ತದೆ. ಸಡಿಲ ಗರಸು ಸುಮಾರು 125 ಘನ ಅಡಿ ಬೇಕು. ಹೊರಗಿನ ಮೂರು ಬದಿಗೆ ಅಂಚುಗಲ್ಲನ್ನು ನಿಲ್ಲಿಸಿ ಹೂಳಿರಿ. ಅದರ ತಲೆ ಫರಸಿಗಿಂತ ಮೇಲೇಳದಿರಲಿ. ಅಂಚು ಇಲ್ಲದಿದ್ದರೆ ಮಳೆಗೆ ಉಸುಕು ಕೊಚ್ಚಿ ಹೋಗುತ್ತದೆ.

ಗರಸಿನ ಮೇಲೆ 2 ಇಂಚು ಉಸುಕು. ಇದು 20 ಘನ ಅಡಿ. 2 ಇಂಚು ದಪ್ಪದ ಎರಡು ಪಟ್ಟಿಗಳನ್ನು ಗರಸಿನ ಮೇಲಿಟ್ಟು, ನಡುವೆ ಉಸುಕು ಸುರಿದು, ನೇರವಾದ ಹಲಗೆಯಿಂದ ಎಳೆದರೆ ಹಾಸು ಸಮನಾಗುತ್ತದೆ. ಪಟ್ಟಿ ತೆಗೆದು ಆ ಗೆರೆಯಲ್ಲಿಯೂ ಉಸುಕು ತುಂಬಿರಿ. ಸಮ ಮಾಡಿದ ಮೇಲೆ ಅದನ್ನು ತುಳಿಯಬಾರದು.

ಒಂದು ಕಲ್ಲು 35ರಿಂದ 40 ಕಿಲೊ ತೂಗುತ್ತದೆ. ಇಬ್ಬರು ಹಿಡಿದು, ಬೆನ್ನು ಬಾಗಿಸದೆ ಮೊಣಕಾಲು ಮಡಿಸಿ ಎತ್ತಿರಿ. ಮನೆಯ ಕಡೆಯ ಮೂಲೆಯಿಂದ ಹೊರಟು ಹೊರಕ್ಕೆ ಬನ್ನಿರಿ. ಗೋಡೆಗೆ ಕಲ್ಲು ತಗಲದಂತೆ ಅರ್ಧ ಇಂಚು, ಕಲ್ಲು ಕಲ್ಲಿನ ನಡುವೆ ಕಾಲು ಇಂಚು ಬಿಡಿರಿ. ಮೇಲೆ ಕಟ್ಟಿಗೆಯ ತುಂಡಿಟ್ಟು ಸುತ್ತಿಗೆಯಿಂದ ಬಡಿದು ಹುರಿಗೆ ಸರಿಮಾಡಿರಿ. ಅನಂತರ ನಾಲ್ಕೂ ಮೂಲೆಗಳ ಮೇಲೆ ನಿಂತು ನೋಡಿರಿ. ಅಲುಗಿದರೆ ಎತ್ತಿ ಕೆಳಗೆ ಉಸುಕು ಹಾಕಿರಿ. ಮೂಲೆಗೆ ಹರಳು ತುರುಕುವುದು ನಮ್ಮ ಹಳೆಯ ಚಾಳಿ. ಹರಳಿನ ಮೇಲೆ ನಿಂತ ಕಲ್ಲು ಒಂದು ದಿನ ಸೀಳುತ್ತದೆ. ಕಲ್ಲು ಕತ್ತರಿಸುವಾಗ ನೀರು ಹಾಕುತ್ತಿರಿ, ಕಣ್ಣಿಗೆ ಕನ್ನಡಕ, ಮೂಗಿಗೆ ಧೂಳು ತಡೆಯುವ ಮುಖಗವಸು ಇರಲಿ.

ಕೊನೆಗೆ ಒಣ ಸಣ್ಣ ಉಸುಕನ್ನು ಸಂದುಗಳಿಗೆ ಗುಡಿಸಿ ತುಂಬಿರಿ. ಸಿಮೆಂಟು ಯಾಕಿಲ್ಲವೆಂದು ಕೆಲವರು ಕೇಳಿಯಾರು. ಗರಸಿದ್ದರೂ ಕೆಳಗಿನ ಎರೆ ಋತುವಿಗೊಮ್ಮೆ ಸ್ವಲ್ಪ ಮಿಸುಕುತ್ತದೆ. ಆಗ ಸಿಮೆಂಟು ಬಿರಿಯುತ್ತದೆ. ಉಸುಕಿನ ಸಂದಾದರೆ ತಾಳಿಕೊಳ್ಳುತ್ತದೆ, ಬೇಕಾದಾಗ ಒಂದೇ ಕಲ್ಲನ್ನು ಎತ್ತಿ ಸರಿಮಾಡಲೂ ಬರುತ್ತದೆ.

ಇಂಡಿ ಕಡೆಯ ತಾಯಂದಿರಿಗೆ ಒಂದು ಮಾತು. ಸುಣ್ಣದ ಕಲ್ಲಿಗೆ ಹುಳಿ ಆಗದು. ಲಿಂಬೆಯ ರಸ ಬಿದ್ದಲ್ಲಿ ಅದು ಕಲ್ಲನ್ನು ತಿಂದು ಹೊಳಪು ಕೆಡಿಸುತ್ತದೆ. ಉಪ್ಪಿನಕಾಯಿಗೆ ಹೋಳು ಮಾಡುವಾಗ ಕೆಳಗೆ ತಟ್ಟು ಹಾಸಿರಿ. ತೊಳೆಯಲು ಆಮ್ಲ ಬೇಡ, ನೀರೇ ಸಾಕು. ಅಂಗಳದಿಂದ ಇಳಿದ ನೀರನ್ನು ಕಾಲುವೆ ತೋಡಿ ಗೋಡೆಯಿಂದ ದೂರ, ಹಿತ್ತಲಿನ ಬಾಳೆಗೆ ಬಿಡಿರಿ.

ಅಗೆತ, ದಿಮ್ಮಸು, ಕಲ್ಲು ಎತ್ತುವುದು, ಇವು ಒಬ್ಬರ ಕೆಲಸವಲ್ಲ. ಹೊಲದಲ್ಲಿ ಮುಯ್ಯಾಳು ಮಾಡುವಂತೆ ನಾಲ್ಕು ಮನೆಯವರು ಕೂಡಿ, ಇಂದು ಇವರದು, ನಾಳೆ ಅವರದು ಎಂದು ಮಾಡಿದರೆ ಮುಂಗಾರಿಗೆ ಮೊದಲು ನಾಲ್ಕೂ ಅಂಗಳ ಮುಗಿದಾವು. ನಾನು ನನ್ನ ಕಲ್ಲುಗಳನ್ನೆಲ್ಲ ಕಿತ್ತು ಹೀಗೆಯೇ ಮತ್ತೆ ಹಾಸಿದೆ. ಈಗ ನಮ್ಮ ಅವ್ವ ಕೆಳಗೆ ನೋಡದೆ ನಡೆಯುತ್ತಾಳೆ.